ಏಳದ ಕಂಪ್ಯೂಟರು, ಬೀಳದ ಡಬ್ಬ

ಆ ಮನೆಯಲ್ಲಿ ಅಂಗಿ ತೊಡದೆ ಉಳಿದ ವಸ್ತು ಎಂದರೆ ಅಡುಗೆಮನೆಯ ನಲ್ಲಿ ಒಂದೇ. ಮಿಕ್ಕ ಎಲ್ಲಕ್ಕೂ ಅತ್ತೆ ಹೊಲಿದುಬಿಟ್ಟಿದ್ದರು. ರೇಡಿಯೋಗೆ ಹೂವಿನ ಬಟ್ಟೆ, ಫ್ರಿಜ್ಜಿನ ಹಿಡಿಗೆ ಪಟ್ಟೆ ಬಟ್ಟೆ, ಹೊಲಿಗೆ ಯಂತ್ರಕ್ಕೆ ಅದರಲ್ಲೇ ಹೊಲಿದ ದಪ್ಪ ಕ್ಯಾನ್ವಾಸು. ಹಲ್ಲೆಲ್ಲ ಹೋಗಿದ್ದರೂ ಕಣ್ಣು ಹೋಗಿರಲಿಲ್ಲ, ಸೂಜಿಗೆ ದಾರ ಪೋಣಿಸಲು ಅವರಿಗೆ ಯಾರ ಸಹಾಯವೂ ಬೇಕಿರಲಿಲ್ಲ.

"ಅಜ್ಜಿ, ಅಜ್ಜನಿಗೂ ಒಂದು ಹೊಲಿದು ಎಲಾಸ್ಟಿಕ್ ಹಾಕ್ಬಿಡು. ಹೊರಗೆ ಹೋಗಿ ಧೂಳು ಹಿಡಿಯೋದು ತಪ್ಪುತ್ತೆ" ಎಂದು ಮೊಮ್ಮಗಳು ನಗುತ್ತಿದ್ದಳು.

ಅಜ್ಜ, ಎಂದರೆ ಆ ಮನೆಯ ಮಾವ, ಮನೆಮನೆಗೆ ಹೋಗಿ ಕರೆಂಟು ಮೀಟರು ಓದುವ ಕೆಲಸದಿಂದ ನಿವೃತ್ತರಾದವರು. ಕೆಲಸ ಬಿಟ್ಟರೂ ಮೀಟರು ಅವರನ್ನು ಬಿಟ್ಟಿರಲಿಲ್ಲ. ಕೋಣೆಯಿಂದ ಯಾರಾದರೂ ಎದ್ದರೆ ಸಾಕು, ಅವರ ಬೆನ್ನ ಹಿಂದೆಯೇ ದೀಪ ಆರಿರುತ್ತಿತ್ತು. ಗೋಡೆಯ ಸ್ವಿಚ್ಚುಗಳೆಲ್ಲ ಅವರ ಸುಪರ್ದಿಗೆ ಸೇರಿದ್ದವು. ಹಾಕುವವರೂ ಅವರೇ, ಆರಿಸುವವರೂ ಅವರೇ.

ಮುಂದಿನ ಕೋಣೆಯಲ್ಲಿ, ಊಟದ ಮೇಜಿಗೂ ಚಪ್ಪಲಿ ಗೂಡಿಗೂ ನಡುವಿನ ಮೂಲೆಯಲ್ಲಿ, ಸೊಸೆಯ ಕಂಪ್ಯೂಟರು ಇತ್ತು. ಅವಳು ರಟ್ಟಿನ ಡಬ್ಬಗಳ ನಕ್ಷೆ ಬರೆಯುವವಳು. ಸಾಬೂನಿನದಿರಲಿ, ಬಲ್ಬಿನದಿರಲಿ, ಬೂಟಿನದಿರಲಿ, ಯಾವ ಡಬ್ಬವೂ ಮೊದಲು ಚಪ್ಪಟೆಯಾಗಿಯೇ ಹುಟ್ಟುತ್ತದೆ. ಎಲ್ಲಿ ಕತ್ತರಿಸಬೇಕು, ಎಲ್ಲಿ ಮಡಿಸಬೇಕು, ಯಾವ ನಾಲಿಗೆ ಯಾವ ಸೀಳಿನೊಳಗೆ ಹೋಗಿ ಕೂರಬೇಕು ಎಂದು ಅವಳು ಗೆರೆ ಎಳೆದು ಕೊಟ್ಟರೆ ಫ್ಯಾಕ್ಟರಿಯವರು ಹಾಗೆಯೇ ಕತ್ತರಿಸುತ್ತಿದ್ದರು. ಇಷ್ಟು ವರ್ಷವೂ ಬೇರೆಯವರು ಕೊಟ್ಟ ಅಳತೆಗೆ ಗೆರೆ ಎಳೆದದ್ದೇ ಆಗಿತ್ತು. ಈ ಸಲ ಮಾತ್ರ ಒಂದು ಡಬ್ಬ ಅವಳ ತಲೆಯಿಂದಲೇ ಹುಟ್ಟಿತ್ತು. ಬೇಕರಿಯ ಒಡತಿಯೊಬ್ಬಳು ಎತ್ತರದ ಕೇಕಿಗೆ ಡಬ್ಬ ಕೇಳಿದ್ದಳು. ಅಂಟು ಹಚ್ಚಿದ ತಳ ಕೆನೆಯ ತೇವಕ್ಕೆ ಬಿಟ್ಟುಕೊಂಡು, ಕೇಕು ಬೀದಿಯಲ್ಲೇ ಜಾರಿ ಬೀಳುತ್ತಿತ್ತಂತೆ. ಸೊಸೆ ಅಂಟೇ ಇಲ್ಲದ ತಳ ಯೋಚಿಸಿದ್ದಳು. ನಾಲ್ಕು ನಾಲಿಗೆಗಳು ಒಂದರ ಕೆಳಗೊಂದು ನುಗ್ಗಿ, ಮೇಲಿಂದ ಭಾರ ಬಿದ್ದಷ್ಟೂ ಬಿಗಿಯಾಗುವ ತಳ. ನಕ್ಷೆ ಮುಕ್ಕಾಲು ಮುಗಿದಿತ್ತು. ತಿಂಗಳ ಕೊನೆಗೆ ಬೇಕರಿಯಮ್ಮ ಫ್ಯಾಕ್ಟರಿಗೆ ಬಂದು ನೋಡುವುದೆಂದು ನಿಗದಿಯಾಗಿತ್ತು.

ಒಂದು ಬೆಳಿಗ್ಗೆ ಸೊಸೆ ಹೊದಿಕೆ ತೆಗೆದು ಕಂಪ್ಯೂಟರಿನ ಗುಂಡಿ ಒತ್ತಿದರೆ ಅದು ಜಪ್ಪಯ್ಯ ಅನ್ನಲಿಲ್ಲ.

"ಮಾವ, ಸ್ವಿಚ್ ಹಾಕಿದ್ರಾ?"

"ಹಾಕದೆ? ನಾನು ಆರಿಸೋಕೆ ಮಾತ್ರ ಹುಟ್ಟಿದೋನು ಅಂದ್ಕೊಂಡ್ಯಾ?"

ಅವಳು ಅದೇ ಸಾಕೆಟ್ಟಿಗೆ ಮೇಜಿನ ದೀಪ ಚುಚ್ಚಿ ನೋಡಿದಳು. ಉರಿಯಿತು. ಪರದೆಯ ವೈರು ಕಿತ್ತು ಇದಕ್ಕೆ ಹಾಕಿ ನೋಡಿದಳು. ಇಲ್ಲ. ಹಿಂಬದಿಯ ಪುಟ್ಟ ಸ್ವಿಚ್ಚನ್ನು ಆ ಕಡೆ ಈ ಕಡೆ ಮಾಡಿದಳು. ಒಳಗಿನ ಫ್ಯಾನು ಒಮ್ಮೆ ಗುಂಯ್ ಎಂದು, ಒಂದೆರಡು ಉಸಿರು ಎಳೆಯುವಷ್ಟು ಹೊತ್ತು ತಿರುಗಿ, ನಿಂತುಹೋಯಿತು. ಆಮೇಲೆ ಎಷ್ಟು ಒತ್ತಿದರೂ ಅಷ್ಟೇ.

"ನಿನ್ನೆ ಕೊನೇಲಿ ಮುಟ್ಟಿದ್ದು ಯಾರು?"

"ನನ್ನ ನೋಡ್ಬೇಡಮ್ಮ" ಎಂದಳು ಮಗಳು, ಬಾಯಲ್ಲಿ ಬ್ರೆಡ್ಡು ಇಟ್ಟುಕೊಂಡೇ. "ನಾನು ಶಾಲೆ ಕೆಲಸ ಮುಗಿಸಿ ಆರಿಸೇ ಎದ್ದೆ. ಅಜ್ಜನೇ ಗೋಡೆ ಸ್ವಿಚ್ ತೆಗೆದಿದ್ದು."

"ನಾನು ತೆಗೆಯೋ ಹೊತ್ತಿಗೆ ಅದು ಮಲಗಿತ್ತು. ನಿಮ್ಮಜ್ಜಿ ಕವರೂ ಹಾಕಿ ಆಗಿತ್ತು."

"ಓ, ಈಗ ನನ್ನ ಮೇಲೆ ಬಂತಾ?" ಅಡುಗೆಮನೆಯಿಂದ ಅತ್ತೆಯ ಸ್ವರ ಬಂತು. "ಧೂಳು ಕೂರದ ಹಾಗೆ ಕಾಪಾಡಿದ್ದೇ ತಪ್ಪಾಯ್ತು. ನಾಳೆಯಿಂದ ಬೀದೀಲಿ ಇಡಿ."

ಆ ದಿನದ ಚಹಾಕ್ಕೆ ಯಾರೂ ಸಕ್ಕರೆ ಸಾಲದು ಎನ್ನಲಿಲ್ಲ. ಸಕ್ಕರೆಯೇ ಹಾಕಿರಲಿಲ್ಲ.

ಸೊಸೆಯ ಗಂಡ ಲಿಫ್ಟ್ ರಿಪೇರಿ ಮಾಡುವವನು. ರಜೆಯ ದಿನ ಅಂಗಿಯ ತೋಳು ಮಡಚಿಕೊಂಡು ಕಂಪ್ಯೂಟರಿನ ಮುಂದೆ ಕೂತ.

"ಯಾವ ಯಂತ್ರ ಆದ್ರೂ ಮೊದಲು ದೊಡ್ಡದನ್ನ ನೋಡ್ಬೇಕು. ಲಿಫ್ಟಲ್ಲಿ ಮೋಟಾರು, ಇಲ್ಲಿ ಕರೆಂಟು ಹಂಚೋ ಪೆಟ್ಟಿಗೆ. ಚಿಲ್ಲರೆ ಸಾಮಾನು ಆಮೇಲೆ."

"ನಾನು ಸ್ಕ್ರೂ ಹಿಡ್ಕೊಳ್ಳಾ?" ಎಂದಳು ಸೊಸೆ.

"ನೀನು ಟೀ ಮಾಡು."

ಅವಳು ಟೀ ಮಾಡಿದಳು. ಅವನು ಗೆಳೆಯನಿಂದ ಎರವಲು ತಂದ ಇನ್ನೊಂದು ಪವರ್ ಸಪ್ಲೈ ಪೆಟ್ಟಿಗೆ ಜೋಡಿಸಿದ. ಫ್ಯಾನು ಮತ್ತೆ ಹಾಗೆಯೇ ಗುಂಯ್ ಎಂದು ಸುಮ್ಮನಾಯಿತು. ಅವನು ಹೊರಕವಚವನ್ನು ಅಂಗೈಯಿಂದ ಒಮ್ಮೆ ಗುದ್ದಿದ. ಲಿಫ್ಟುಗಳಲ್ಲಿ ಅದು ಕೆಲಸ ಮಾಡುತ್ತಿತ್ತೋ ಏನೋ, ಇಲ್ಲಿ ಮಾಡಲಿಲ್ಲ. ಪೇಟೆಯ ರಿಪೇರಿ ಅಂಗಡಿಯಲ್ಲಿ ಕೇಳಿಕೊಂಡು ಬಂದ. ಅಲ್ಲಿ ಯಂತ್ರಗಳು ಬಾಗಿಲವರೆಗೆ ಸಾಲು ನಿಂತಿದ್ದವಂತೆ. ಬರುವ ತಿಂಗಳಿಗೆ ಮುಂಚೆ ಬಿಚ್ಚಿಯೂ ನೋಡಲಾಗದು, ಲಕ್ಷಣ ಕೇಳಿದರೆ ಒಳಗಿನ ಬೋರ್ಡೇ ಹೋಗಿರಬೇಕು, ಅಷ್ಟು ಹಳೆಯದಕ್ಕೆ ಬೋರ್ಡು ಹುಡುಕುವ ಬದಲು ಹೊಸದು ಕೊಳ್ಳಿ ಎಂದನಂತೆ ಅಂಗಡಿಯವನು.

ರಾತ್ರಿ ಊಟಕ್ಕೆ ಬೇಯಿಸಿದ ಆಲೂಗಡ್ಡೆ, ಮೊಟ್ಟೆ, ತಿಳಿ ಸೂಪು. ಅತ್ತೆಗೆ ಮಾತ್ರ ಆಲೂಗಡ್ಡೆಯನ್ನು ಕಿವುಚಿ ಇಟ್ಟಿತ್ತು.

"ಅಮ್ಮನ ಹಲ್ಲಿನ ಸೆಟ್ಟಿಗೆ ಅಂತ ಎತ್ತಿಟ್ಟ ಹಣ ಇದೆಯಲ್ಲ..." ಎಂದು ಗಂಡ ತಟ್ಟೆ ನೋಡುತ್ತ ಶುರುಮಾಡಿದ.

ಅತ್ತೆ ಚಮಚ ಕೆಳಗಿಟ್ಟರು.

"ತಗೊಳ್ಳಿ" ಎಂದರು ಅತ್ತೆ. "ನನಗ್ಯಾಕೆ ಹಲ್ಲು? ನಾನು ಯಾರನ್ನ ಕಚ್ಚಬೇಕಾಗಿದೆ? ಸೂಪ್ ಕುಡ್ಕೊಂಡು ಒಂದು ಮೂಲೇಲಿ ಇರ್ತೀನಿ."

"ಅಮ್ಮ, ನಾನು ಹಾಗಲ್ಲ ಹೇಳಿದ್ದು..."

"ನೀನು ಹೇಗೆ ಹೇಳಿದ್ರೂ ಅದು ನನ್ನ ಬಾಯಿಂದಾನೇ ಕೀಳೋದು ತಾನೆ?"

"ಆ ಹಣ ಯಾರೂ ಮುಟ್ಟೋ ಹಾಗಿಲ್ಲ" ಎಂದಳು ಸೊಸೆ. "ಅತ್ತೆ ಹಲ್ಲು ಅತ್ತೆಗೆ. ನನ್ನ ಕಂಪ್ಯೂಟರಿಗೆ ನಾನು ದಾರಿ ನೋಡ್ಕೋತೀನಿ."

"ಏನ್ ದಾರಿ?" ಎಂದರು ಮಾವ. "ಹೊಸದು ಬೇಡ ಅಂತೀಯ, ಹಳೇದು ಏಳಲ್ಲ ಅನ್ನುತ್ತೆ. ಬಿಟ್ಬಿಡು. ಮನೇಲಿ ಕರೆಂಟಾದ್ರೂ ಉಳಿಯುತ್ತೆ."

ಸೊಸೆ ತನ್ನ ತಟ್ಟೆಯ ಮೊಟ್ಟೆಯನ್ನು ಮಗಳ ತಟ್ಟೆಗೆ ದಾಟಿಸಿ ಎದ್ದಳು. ಅವಳು ಕೋಪ ಬಂದರೆ ಕೂಗುವವಳಲ್ಲ, ಪಾತ್ರೆ ತಿಕ್ಕುವವಳು. ಆ ರಾತ್ರಿ ತಿಕ್ಕಿದ ಬಾಣಲೆಯಲ್ಲಿ ಮುಖ ನೋಡಿಕೊಳ್ಳಬಹುದಿತ್ತು.

ಮರುದಿನ ಅವಳು ಬಸ್ಸು ಹಿಡಿದು ಫ್ಯಾಕ್ಟರಿಗೆ ಹೋದಳು. ಅಲ್ಲಿ ಗಾಳಿಯಲ್ಲೆಲ್ಲ ಕಾಗದದ ಹುಡಿ, ಕಾಸಿದ ಅಂಟಿನ ವಾಸನೆ. ಮ್ಯಾನೇಜರು ಮಾತಾಡುವಾಗಲೂ ಕೈಯಲ್ಲಿ ಒಂದು ರಟ್ಟಿನ ಚೂರನ್ನು ಮಡಿಸುತ್ತ, ಬಿಚ್ಚುತ್ತ ಇರುವ ಮನುಷ್ಯ.

"ಇದಕ್ಕೆ ಇಷ್ಟು ಚಿಂತೆ ಯಾಕೆ? ನಿಮ್ಮ ಯಂತ್ರದೊಳಗಿನ ಡಿಸ್ಕ್ ಬಿಚ್ಚಿ ತನ್ನಿ. ಇಲ್ಲಿ ಹಾಕಿದ್ರೆ ನಕ್ಷೆ ಬರುತ್ತೆ. ಇಲ್ಲೇ ಕೂತು ಮುಗಿಸಿ. ಬೇಕಾದ್ರೆ ಆಮೇಲೂ ಇಲ್ಲೇ ಬನ್ನಿ, ಬೆಳಿಗ್ಗೆ ಪಾಳಿಗೆ ಒಬ್ಬರು ಬೇಕಾಗಿದಾರೆ."

"ಇಲ್ಲಿ ಮುಗಿಸಿದ್ರೆ ನಕ್ಷೆ ಯಾರದಾಗುತ್ತೆ ಸಾರ್?"

ಅವರು ರಟ್ಟನ್ನು ಒಮ್ಮೆ ಮಡಿಸಿದರು. "ಪದ್ಧತಿ ನಿಮಗೆ ಗೊತ್ತಲ್ಲ. ಯಾರ ಯಂತ್ರದಲ್ಲಿ ಮುಗೀತೋ ನಕ್ಷೆ ಅವರದು. ಇಲ್ಲಿ ಬರೆದದ್ದು ಫ್ಯಾಕ್ಟರಿದು."

"ಯೋಚನೆ ನಂದು. ಮುಕ್ಕಾಲು ನನ್ನ ಯಂತ್ರದಲ್ಲೇ ಬರೆದದ್ದು."

"ಕೊನೇ ಗೆರೆ ಎಲ್ಲಿ ಬೀಳುತ್ತೋ ಅದೇ ಲೆಕ್ಕ. ನಾನು ಮಾಡಿದ ಪದ್ಧತಿ ಅಲ್ಲಮ್ಮ." ಅವರು ಗೋಡೆಯ ಕಡೆ ಕೈ ತೋರಿಸಿದರು. ಅಲ್ಲಿ ಕತ್ತರಿಸಿದ ಚಪ್ಪಟೆ ಡಬ್ಬಗಳನ್ನು ಎದೆಯೆತ್ತರಕ್ಕೆ ಪೇರಿಸಿಟ್ಟಿತ್ತು. "ಅದರಲ್ಲಿ ಅರ್ಧ ನಾನು ಬರೆದದ್ದು. ಈಗ ಒಂದು ಗೆರೆ ಬದಲಾಯಿಸಿದ್ರೂ ನನ್ನ ಯಾರೂ ಕೇಳಲ್ಲ. ಸೋಮವಾರ ಹೇಳಿ. ನೀವು ಆಗಲ್ಲ ಅಂದ್ರೆ ಬೇಕರಿಯಮ್ಮನಿಗೆ ಹಳೇ ಅಂಟಿನ ಡಬ್ಬಾನೇ ಇನ್ನೊಂಚೂರು ದಪ್ಪ ಮಾಡಿ ತೋರಿಸ್ತೀನಿ."

ಬಸ್ಸಿನಲ್ಲಿ ಬರುತ್ತ ಅವಳು ಕಿಟಕಿಯಾಚೆ ಏನನ್ನೂ ನೋಡಲಿಲ್ಲ. ಮನೆಗೆ ಬಂದಾಗ ಅನ್ನ ತಳ ಹಿಡಿದಿತ್ತು. ಒಲೆ ಆರಿಸಬೇಕಾದದ್ದು ಮಗಳೋ ಮಾವನೋ ಎಂದು ಇಬ್ಬರೂ ಜಗಳವಾಡುತ್ತಿದ್ದರು.

"ಜಗತ್ತಿನ ಸ್ವಿಚ್ಚೆಲ್ಲ ಆರಿಸ್ತೀರ, ಒಲೆ ಒಂದು ಕಾಣಿಸ್ಲಿಲ್ವಾ ಅಜ್ಜ?"

"ಗ್ಯಾಸು ನನ್ನ ಇಲಾಖೆ ಅಲ್ಲ."

ಸೊಸೆ ತಳ ಹಿಡಿಯದ ಭಾಗವನ್ನು ಬೇರೆ ತೆಗೆದು ಎಲ್ಲರಿಗೂ ಬಡಿಸಿದಳು. ಊಟವಾದ ಮೇಲೆ ಮೇಜು ಒರೆಸಿ, ಹಳೆಯ ಹಾಸಿನ ಬಟ್ಟೆಯೊಂದನ್ನು ಹರಡಿ, ಕಂಪ್ಯೂಟರಿನ ಪೆಟ್ಟಿಗೆಯನ್ನು ತಬ್ಬಿ ಎತ್ತಿ ತಂದು ಅದರ ಮೇಲೆ ಮಲಗಿಸಿದಳು.

"ಇನ್ನು ನಾನು ಬಿಚ್ಚಿ ನೋಡ್ತೀನಿ."

"ಬಿಚ್ಚೋದು ಯಾರು ಬೇಕಾದ್ರೂ ಬಿಚ್ಚಬಹುದು" ಎಂದರು ಮಾವ.

"ಜೋಡಿಸೋದು ನನ್ನ ಕೆಲಸಾನೇ ಅಲ್ವಾ ಮಾವ? ಡಬ್ಬ ಮುಚ್ಚಿಕೊಳ್ಳದೆ ಹೋದ್ರೆ ನಾನು ಏನ್ ಮಾಡ್ತೀನಿ? ಪೂರ್ತಿ ಬಿಚ್ಚಿ ಚಪ್ಪಟೆ ಮಾಡ್ತೀನಿ. ಆಮೇಲೆ ಒಂದೊಂದೇ ಮಡಿಕೆ ಹಾಕ್ತೀನಿ. ಯಾವ ಮಡಿಕೇಲಿ ತಕರಾರು ಶುರುವಾಗುತ್ತೋ ಅಲ್ಲೇ ತಪ್ಪಿರುತ್ತೆ."

"ಮತ್ತೆ ಊಟ ಎಲ್ಲಿ?" ಎಂದು ಗಂಡ ಕೇಳಿದ.

"ನೆಲದ ಮೇಲೆ."

ಆ ವಾರ ಮನೆಮಂದಿ ಮಂಡಿ ಮಡಚಿ ನೆಲದಲ್ಲಿ ಕೂತು ಉಂಡರು. ಮಾವನಿಗೆ ಕೂತರೆ ಏಳಲು ಎರಡು ಕೈ ಬೇಕು. ಪ್ರತಿ ಊಟದ ಕೊನೆಗೂ ಅವರು ಏಳುವಾಗ "ಈ ಕಂಪ್ಯೂಟರ್ ಏಳುತ್ತೋ ಇಲ್ವೋ, ನನ್ನನ್ನ ಮಾತ್ರ ಮೇಲೇಳದ ಹಾಗೆ ಮಾಡುತ್ತೆ" ಎನ್ನುತ್ತಿದ್ದರು. ಅತ್ತೆ ತಮ್ಮ ಸಣ್ಣ ಬಟ್ಟಲುಗಳೆಲ್ಲ ಸ್ಕ್ರೂ ತುಂಬಿಕೊಂಡು ಕೂತದ್ದನ್ನು ಕಂಡು ಮುಖ ಊದಿಸಿಕೊಂಡರು. ಆದರೂ ಯಾವ ಬಟ್ಟಲನ್ನೂ ಜರುಗಿಸಲಿಲ್ಲ.

ಸೊಸೆ ಮಧ್ಯಾಹ್ನದ ಪಾತ್ರೆ ಮುಗಿಸಿ ಕೈ ಒಣಗಿಸಿಕೊಂಡು ದಿನವೂ ಮೇಜಿಗೆ ಕೂರುತ್ತಿದ್ದಳು. ಮಗಳು ಶಾಲೆಯಿಂದ ಬಂದವಳೇ ಫೋನಿನಲ್ಲಿ ಹುಡುಕಿ ಓದಿ ಹೇಳುತ್ತಿದ್ದಳು.

"ಮೊದಲು ಗೋಡೆ ಪ್ಲಗ್ ಕೀಳಬೇಕಂತೆ. ಆಮೇಲೆ ಯಾವುದಾದ್ರೂ ಲೋಹ ಮುಟ್ಟಿ ಕೂರಬೇಕಂತೆ, ಮೈಯಲ್ಲಿರೋ ಕರೆಂಟ್ ಇಳಿಯೋಕೆ."

"ಮೈಯಲ್ಲಿ ಇನ್ನೆಲ್ಲಿ ಕರೆಂಟು? ಎಲ್ಲ ನಿಮ್ಮಜ್ಜ ಆರಿಸಿಬಿಟ್ಟಿದಾರೆ" ಎಂದಳು ಸೊಸೆ. ಬಹಳ ದಿನದ ಮೇಲೆ ಇಬ್ಬರೂ ನಕ್ಕರು.

ಬೋರ್ಡಿನ ಮೂಲೆಯಲ್ಲಿ ಒಂದು ಹಸಿರು ದೀಪ ಸಣ್ಣಗೆ ಉರಿಯುವುದನ್ನು ಮೊದಲ ದಿನವೇ ಅವಳು ಕಂಡುಹಿಡಿದಿದ್ದಳು. ಎಂದರೆ ಕರೆಂಟು ಬೋರ್ಡಿನವರೆಗೂ ಬರುತ್ತಿದೆ. ಬಂದದ್ದು ಎಲ್ಲೋ ನಿಲ್ಲುತ್ತಿದೆ. ಅವಳು ಸಿ.ಡಿ. ಹಾಕುವ ತಟ್ಟೆಯ ವೈರು ಬಿಡಿಸಿದಳು, ಗುಂಡಿ ಒತ್ತಿ ನೋಡಿದಳು. ಇಲ್ಲ. ಡಿಸ್ಕಿನ ವೈರು ಬಿಡಿಸಿದಳು. ಇಲ್ಲ. ಮೆಮೊರಿ ಎಂಬ ನೆನಪಿನ ಪಟ್ಟಿಗಳನ್ನು ಹೊರತೆಗೆದು, ಅವುಗಳ ಹಳದಿ ಅಂಚನ್ನು ಮಗಳ ರಬ್ಬರಿನಿಂದ ಉಜ್ಜಿ, ಒಂದನ್ನೇ ಹಾಕಿ ನೋಡಿದಳು. ಇಲ್ಲ. ಬೋರ್ಡಿನ ಮೇಲಿದ್ದ ಬಿಲ್ಲೆಯಂಥ ಪುಟ್ಟ ಬ್ಯಾಟರಿಗೆ ಹೊಸದು ತಂದು ಹಾಕಿದಳು. ಅದೂ ಇಲ್ಲ. ಪ್ರತಿ ಸಲ ಗೋಡೆಯ ಸ್ವಿಚ್ಚು ಹಾಕಿದಾಗ ಫ್ಯಾನು ಮಾತ್ರ ಗುಂಯ್ ಎಂದು ಒಮ್ಮೆ ಆಸೆ ಹುಟ್ಟಿಸಿ ಸುಮ್ಮನಾಗುತ್ತಿತ್ತು.

ಶುಕ್ರವಾರದ ಹೊತ್ತಿಗೆ ಬಟ್ಟಲುಗಳು ತುಂಬಿದ್ದವು, ಅವಳ ಮುಖ ಖಾಲಿಯಾಗಿತ್ತು.

"ಸಾಕು ಬಿಡೇ" ಎಂದರು ಅತ್ತೆ, ಬಟಾಣಿ ಸುಲಿಯುತ್ತ. "ಪಾಳಿಗೆ ಹೋಗ್ತೀನಿ ಅಂತ ಹೇಳ್ಬಿಡು. ಮನೆ ನಾನು ನೋಡ್ಕೋತೀನಿ."

"ಮನೆ ಚಿಂತೆ ಇಲ್ಲ ಅತ್ತೆ. ಆ ತಳ ನನ್ನದು. ಅದನ್ನ ಅವರ ಗೋಡೆಗೆ ಪೇರಿಸಿ ಬರೋಕೆ ನನಗೆ ಮನಸ್ಸಿಲ್ಲ."

ಅತ್ತೆ ಉಳಿದ ಬಟಾಣಿಯನ್ನೂ ಸುಲಿದು ಮುಗಿಸಿದರು. "ಹಾಗಾದ್ರೆ ನಾಡಿದ್ದು ಭಾನುವಾರ ಇನ್ನೂ ಇದೆಯಲ್ಲ, ನೋಡು" ಎಂದು ಸಿಪ್ಪೆ ಎತ್ತಿಕೊಂಡು ಹೋದರು.

ಭಾನುವಾರ ಬೆಳಿಗ್ಗೆ ಎಲ್ಲರೂ ಮನೆಯಲ್ಲಿದ್ದರು. ಬಿಚ್ಚಲು ಉಳಿದಿದ್ದದ್ದು ಒಂದೇ: ಪೆಟ್ಟಿಗೆಯ ಮುಖದಿಂದ ಬೋರ್ಡಿಗೆ ಬರುವ ಕೂದಲೆಳೆಯಂಥ ವೈರುಗಳ ಗೊಂಚಲು. ಅಷ್ಟು ಸಣ್ಣದರಲ್ಲಿ ಏನಿದ್ದೀತು ಎಂದು ಅವಳೂ ಅದನ್ನು ಕೊನೆಗೆ ಬಿಟ್ಟಿದ್ದಳು. ಹೆಣ್ಣು ಮಕ್ಕಳ ಕಿವಿಯೋಲೆ ತೆಗೆಯುವಷ್ಟು ನಾಜೂಕಾಗಿ ಒಂದೊಂದನ್ನೇ ಕಿತ್ತಳು.

ಗಂಡ ದಿನಪತ್ರಿಕೆ ಇಳಿಸಿ ನೋಡಿದ. "ಅದು ಗುಂಡಿಯ ವೈರು. ಅದನ್ನೂ ಕಿತ್ತರೆ ಆನ್ ಹೇಗೆ ಮಾಡ್ತೀಯ?"

ಅವಳ ಕೈ ನಿಂತಿತು. ಅವನ ಕಡೆ ತಿರುಗಿದಳು. "ಲಿಫ್ಟಲ್ಲಿ ಗುಂಡಿ ಒಡೆದುಹೋಗಿದ್ರೆ ನೀವು ಹೇಗೆ ಓಡಿಸ್ತೀರ?"

"ಅದೇನು ಮಹಾ? ಗುಂಡಿ ಅಂದ್ರೆ ಎರಡು ವೈರು ಸೇರಿಸೋದು ತಾನೆ? ಗುಂಡಿ ಕಿತ್ತು ಪಕ್ಕಕ್ಕಿಟ್ಟು, ಎರಡು ತುದಿ ಒಂದು ಸಲ ತಾಕಿಸ್ತೀನಿ, ಅಷ್ಟೇ..."

ಅವನ ಮಾತು ಅಲ್ಲೇ ತಡೆಯಿತು. ಪತ್ರಿಕೆ ನೆಲಕ್ಕೆ ಬಿತ್ತು.

"ಯಾವ ಎರಡು?" ಎಂದಳು ಅವಳು.

"ಈ ವೈರು ಕೂತಿದ್ದ ಜಾಗದಲ್ಲಿ ಪಿನ್ನಿನಂಥ ಎರಡು ಮುಳ್ಳು ಇರಬೇಕು ನೋಡು. ತಡಿ, ನಾನು..."

"ನೀವು ಬೇಡ. ಟಾರ್ಚ್ ಹಿಡೀರಿ."

ಅವನು ಹಿಡಿದ. ಮಗಳು ಫೋನಿನ ಚಿತ್ರಕ್ಕೂ ಬೋರ್ಡಿಗೂ ತಾಳೆ ನೋಡಿ ಎರಡು ಮುಳ್ಳು ತೋರಿಸಿದಳು. ಸೊಸೆ ಅವಸರ ಮಾಡಲಿಲ್ಲ. ಡಿಸ್ಕು, ನೆನಪಿನ ಪಟ್ಟಿ, ಪರದೆ ಎಲ್ಲವನ್ನೂ ಮತ್ತೆ ಜೋಡಿಸಿದಳು. ಮಾವ ಸ್ವಿಚ್ಚಿನ ಬಳಿ ಸಿಪಾಯಿಯಂತೆ ನಿಂತರು.

"ಹಾಕಿ ಮಾವ."

ಸ್ವಿಚ್ಚು ಬಿತ್ತು. ಫ್ಯಾನು ಗುಂಯ್ ಅನ್ನಲಿಲ್ಲ. ಹಸಿರು ದೀಪ ಮಾತ್ರ ಉರಿಯುತ್ತ ನಿಂತಿತು.

"ನೋಡಿದ್ರಾ? ಈಗ ತಾನಾಗೇ ಹಾರಾಡಲಿಲ್ಲ. ಕಾಯ್ತಾ ಇದೆ" ಎಂದಳು ಅವಳು. ಸ್ಕ್ರೂಡ್ರೈವರಿನ ತುದಿಯನ್ನು ಎರಡು ಮುಳ್ಳಿನ ನಡುವೆ ಒಮ್ಮೆ ತಾಕಿಸಿ ತೆಗೆದಳು.

ಫ್ಯಾನು ಹೊರಟಿತು. ಹೊರಟದ್ದು ನಿಲ್ಲಲಿಲ್ಲ. ಪೆಟ್ಟಿಗೆ ಬೀಪ್ ಎಂದಿತು, ಪರದೆಯಲ್ಲಿ ಬಿಳಿ ಅಕ್ಷರ ಓಡಿದವು. ಮಗಳು ಕಿರುಚಿದ ಕಿರುಚಿಗೆ ಮಾವ ಬೆಚ್ಚಿಬಿದ್ದು ಸ್ವಿಚ್ಚು ಆರಿಸಿಬಿಟ್ಟರು.

"ಮಾವ!"

"ಅಜ್ಜ!"

"ಅಪ್ಪ, ನಿಮ್ಮ ಕೈ ಕಟ್ಟಿಹಾಕ್ಬೇಕು!"

"ಹುಡುಗಿಗೆ ಶಾಕ್ ಹೊಡೀತು ಅಂದ್ಕೊಂಡೆ ಕಣ್ರೋ!" ಮಾವ ಮತ್ತೆ ಸ್ವಿಚ್ಚು ಹಾಕಿದರು. "ಮಾಡಮ್ಮ, ಇನ್ನೊಂದ್ಸಲ ಮಾಡು. ಈ ಸಲ ಮನೆ ಹತ್ತಿ ಉರಿದ್ರೂ ನಾನು ಆರಿಸಲ್ಲ."

ಅವಳು ಇನ್ನೊಮ್ಮೆ ತಾಕಿಸಿದಳು. ಈ ಸಲ ಪರದೆ ಪೂರ್ತಿ ಬೆಳಗಿ, ಅವಳ ಡಬ್ಬದ ನಕ್ಷೆಗಳ ಸಾಲು ಬಂದು ನಿಂತಿತು. ಸೊಸೆ ಕುರ್ಚಿಗೆ ಒರಗಿ, ಸೆರಗಿಗೋ ಬಟ್ಟೆಯ ಚೂರಿಗೋ ಕೈ ಒರೆಸಿಕೊಳ್ಳಬೇಕು ಎಂದು ತಡಕಾಡಿದಳು. ಕೈಗೆ ಸಿಕ್ಕಿದ್ದು ಕಂಪ್ಯೂಟರಿನ ಹೊದಿಕೆ.

ಹಳೆಯದು ಬಣ್ಣ ಹೋಗಿತ್ತೆಂದು ಅತ್ತೆ ತೀರ ಈಚೆಗೆ ಹೊಲಿದ ಹೊಸ ಹೊದಿಕೆ ಅದು. ಎಲಾಸ್ಟಿಕ್ಕು ಬಿಗಿಯಾಗಿತ್ತು. ಅಂಚನ್ನು ಗಟ್ಟಿಯಿರಲೆಂದು ಎರಡು ಮಡಿಕೆ ಹಾಕಿ, ದಾರವನ್ನು ಒಂದು ಕಡೆ ಗಂಟು ಹಾಕಿದ್ದರು. ಸೊಸೆ ಅದನ್ನು ಪೆಟ್ಟಿಗೆಯ ಮುಖಕ್ಕೆ ಹಿಡಿದು ನೋಡಿದಳು. ಗಂಟು ಸರಿಯಾಗಿ ಗುಂಡಿಯ ಮೇಲೆ ಹೋಗಿ ಕೂತಿತು. ಅವಳು ಗುಂಡಿಯ ಹಿಂಬದಿಗೆ ಬೆರಳು ಹಾಕಿದಳು. ಹೊರಗಿನ ಅಗಲದ ಗುಂಡಿ ಒತ್ತಿ ಬಿಟ್ಟರೆ ಮೇಲೆ ಬರುತ್ತಿತ್ತು. ಅದರ ಹಿಂದಿನ ಅಕ್ಕಿಕಾಳಿನಷ್ಟು ಪುಟ್ಟ ಗುಂಡಿ ಮಾತ್ರ ಒಳಗೇ ಕಚ್ಚಿಕೊಂಡು ಕೂತಿತ್ತು. ರಾತ್ರಿಯಿಡೀ ಗಂಟು ಅದರ ಕತ್ತು ಹಿಸುಕಿ ಅದು ಹೊರಬರುವುದನ್ನೇ ಮರೆತಿತ್ತು. ಆರಿಸಲೆಂದು ಯಾರೋ ಬಿಡದೆ ಒತ್ತುತ್ತಲೇ ಇದ್ದಾರೆ ಎಂದು ತಿಳಿದು ಯಂತ್ರ ಎದ್ದ ಕೂಡಲೇ ಮಲಗುತ್ತಿತ್ತು.

ಮೊಮ್ಮಗಳು ತುಟಿ ಕಚ್ಚಿಕೊಂಡಳು. ಅತ್ತೆ ಎಲ್ಲರ ಮುಖವನ್ನೂ ಒಂದು ಸುತ್ತು ನೋಡಿದರು.

"ಏನು? ಹೇಳಿ, ಹೇಳಿ. ಅತ್ತೆ ಗಂಟು ಹಾಕಿ ಸಾಯಿಸಿದಳು ಅಂತ ಹೇಳಿ."

"ಅತ್ತೆ, ಗಂಟು ಬಹಳ ಗಟ್ಟಿ ಹಾಕಿದೀರ" ಎಂದಳು ಸೊಸೆ.

"ನಾನು ಹಾಕಿದ್ದು ಯಾವತ್ತು ಬಿಚ್ಚಿಕೊಂಡಿದೆ?"

"ಅದೇ ಹೇಳಿದ್ದು."

ಮೊದಲು ನಕ್ಕವರು ಮಾವ. ಅವರ ನಗುವಿಗೆ ಗಂಡ ಸೇರಿದ. ಅತ್ತೆ ತಡೆದುಕೊಳ್ಳಲು ನೋಡಿದರು. ಹಲ್ಲಿಲ್ಲದ ಬಾಯಿಗೆ ನಗು ತಡೆಯುವುದು ಕಷ್ಟ. ಕೊನೆಗೆ ಅವರೇ ಎಲ್ಲರಿಗಿಂತ ಹೆಚ್ಚು ಕುಲುಕಾಡಿ ನಕ್ಕು, ಕಣ್ಣೊರೆಸಿಕೊಂಡು, ಹೊದಿಕೆಯನ್ನು ಕಿತ್ತುಕೊಂಡರು. "ಕೊಡಿಲ್ಲಿ. ಇದರಲ್ಲಿ ಬಟಾಣಿ ತರೋಕೆ ಚೀಲ ಹೊಲೀತೀನಿ."

ಗುಂಡಿ ಕೆಟ್ಟಿತ್ತು. ಆದರೆ ಪೆಟ್ಟಿಗೆಯ ಮುಖದಲ್ಲೇ ಅದರ ಕೆಳಗೆ ಇನ್ನೊಂದು ಪುಟ್ಟ ಗುಂಡಿ ಇತ್ತು, ಯಂತ್ರ ಸಿಕ್ಕಿಹಾಕಿಕೊಂಡಾಗ ಒತ್ತುವ ರೀಸೆಟ್ ಗುಂಡಿ. ಯಾರೂ ಅದನ್ನು ಮುಟ್ಟಿದ್ದೇ ಇಲ್ಲ.

"ಇದು ಸುಮ್ನೆ ಕೂತು ತಿಂತಿದೆ, ಇದಕ್ಕೇ ಕೆಲಸ ಕೊಡಮ್ಮ" ಎಂದಳು ಮಗಳು.

ಸೊಸೆ ಆ ಪುಟ್ಟ ಗುಂಡಿಯ ವೈರನ್ನು ತಂದು ಆ ಎರಡು ಮುಳ್ಳಿಗೆ ತೊಡಿಸಿದಳು. ಒತ್ತಿದಳು. ಕಂಪ್ಯೂಟರು ಎದ್ದಿತು. ಆರಿಸಿ, ಮತ್ತೆ ಒತ್ತಿದಳು. ಎದ್ದಿತು. ಗಂಡನೂ ಒಮ್ಮೆ ಒತ್ತಿ ನೋಡಿದ. ಆಮೇಲೆ ಯಾರೂ ಹೇಳದೆ ಅಡುಗೆಮನೆಗೆ ಹೋಗಿ ಟೀಗೆ ನೀರಿಟ್ಟ.

"ಸಕ್ಕರೆ ಎಷ್ಟು?" ಎಂದು ಅಲ್ಲಿಂದಲೇ ಕೂಗಿ ಕೇಳಿದ.

"ಈವತ್ತು ಕೈತುಂಬ" ಎಂದಳು ಅವಳು.

ಸೋಮವಾರ ಅವಳು ಫ್ಯಾಕ್ಟರಿಗೆ ಫೋನು ಮಾಡಿ ಒಂದೇ ಮಾತು ಹೇಳಿದಳು: "ನಕ್ಷೆ ಮನೆಯಿಂದಲೇ ಬರುತ್ತೆ ಸಾರ್." ಮುಂದಿನ ದಿನಗಳಲ್ಲಿ ಪಾತ್ರೆಗಳನ್ನು ಮಗಳು ತಿಕ್ಕಿದಳು, ಅರ್ಧಕ್ಕರ್ಧ ಜಿಡ್ಡು ಉಳಿಸಿ. ಅಡುಗೆ ಅತ್ತೆಯದಾಯಿತು. ಮಾವ ದೀಪ ಆರಿಸಲು ಬಂದವರು ಸೊಸೆ ಕೂತದ್ದು ಕಂಡು ತುದಿಗಾಲಲ್ಲಿ ಹಿಂದಿರುಗಿ ಹೋಗುತ್ತಿದ್ದರು. ಅವಳು ನಾಲ್ಕನೆಯ ನಾಲಿಗೆಯನ್ನು ಬರೆದಳು, ಅಳಿಸಿದಳು, ಮತ್ತೆ ಬರೆದಳು. ರಟ್ಟಿನಲ್ಲಿ ಕತ್ತರಿಸಿ, ಮಡಿಸಿ, ಒಳಗೆ ಆಲೂಗಡ್ಡೆ ತುಂಬಿ ಎತ್ತಿ ನೋಡಿದಳು. ಮೊದಲ ಸಲ ಆಲೂಗಡ್ಡೆಗಳು ಕೋಣೆಯೆಲ್ಲ ಉರುಳಿದವು. ನಾಲಿಗೆಯ ತುದಿಯನ್ನು ಒಂದು ಕೂದಲಿನಷ್ಟು ಅಗಲ ಮಾಡಿದಳು. ಆಮೇಲೆ ಉರುಳಲಿಲ್ಲ.

ತಿಂಗಳ ಕೊನೆಗೆ ಬೇಕರಿಯಮ್ಮ ಫ್ಯಾಕ್ಟರಿಗೆ ಬಂದಳು. ದಪ್ಪ ಮುಂಗೈ, ಮಾತು ಕಡಿಮೆ. ಒಂದು ಎತ್ತರದ ಕೇಕನ್ನೇ ಹೊತ್ತು ತಂದಿದ್ದಳು. ಅದನ್ನು ಡಬ್ಬದೊಳಗೆ ಇಳಿಸಿ, ಮೇಲಿನ ಹಿಡಿಗೆ ಬೆರಳು ಹಾಕಿ ಎತ್ತಿದಳು. ಮ್ಯಾನೇಜರ ಕೈ ತಾನಾಗಿಯೇ ಡಬ್ಬದ ಕೆಳಗೆ ಹೋಯಿತು.

"ಕೈ ತೆಗೀರಿ" ಎಂದಳು ಬೇಕರಿಯಮ್ಮ.

ಅವರು ತೆಗೆದರು. ಅವಳು ಡಬ್ಬವನ್ನು ಅಲ್ಲಾಡಿಸಿದಳು. ಮೆಟ್ಟಿಲು ಇಳಿದು ಹತ್ತಿದಳು. ತಳಕ್ಕೆ ಒದ್ದೆ ಬಟ್ಟೆ ಒತ್ತಿ, ಚಹಾ ಕುಡಿದು ಮುಗಿಯುವವರೆಗೆ ಕಾದು, ಮತ್ತೆ ಎತ್ತಿದಳು. ತಳ ಹಾಗೇ ಇತ್ತು.

"ಇದು ಯಾರದು?"

ಮ್ಯಾನೇಜರು ಕೈಯಲ್ಲಿದ್ದ ರಟ್ಟಿನ ಚೂರನ್ನು ಮೇಜಿನ ಮೇಲಿಟ್ಟರು. "ಇವರದು" ಎಂದರು. "ಪೂರ್ತಿ ಇವರದೇ. ಕೊನೇ ಗೆರೆವರೆಗೂ."

"ಹಾಗಾದ್ರೆ ಇವರ ಹತ್ರಾನೇ ಮಾತಾಡ್ತೀನಿ" ಎಂದು ಬೇಕರಿಯಮ್ಮ ಕುರ್ಚಿಯನ್ನು ಸೊಸೆಯ ಕಡೆ ತಿರುಗಿಸಿ ಕೂತಳು. "ಇದೇ ತಳ ಇನ್ನೂ ಮೂರು ಅಳತೇಲಿ ಬೇಕು. ಯಾವಾಗ ಕೊಡ್ತೀರ?"

ಮಾತು ಮುಗಿದ ಮೇಲೆ ಆ ಕೇಕನ್ನು ಡಬ್ಬದ ಸಮೇತ ಸೊಸೆಯ ಕೈಗೇ ಕೊಟ್ಟಳು. ಅವಳು ಕಿಕ್ಕಿರಿದ ಬಸ್ಸಿನಲ್ಲಿ ಒಂದು ಕೈಯಲ್ಲಿ ಕಂಬಿ, ಇನ್ನೊಂದು ಕೈಯಲ್ಲಿ ಡಬ್ಬ ಹಿಡಿದು ನಿಂತಳು. ಪಕ್ಕದ ಮುದುಕರೊಬ್ಬರು "ಕೆಳಗೆ ಕೈ ಕೊಡಮ್ಮ, ಕಳಚಿ ಬೀಳುತ್ತೆ" ಎಂದರು. "ಬೀಳಲ್ಲ ತಾತ" ಎಂದಳು ಅವಳು. ಬಸ್ಸು ಎಷ್ಟು ಕುಲುಕಿದರೂ ತಳಕ್ಕೆ ಕೈ ಒಯ್ಯಲಿಲ್ಲ.

ಮನೆಯಲ್ಲಿ ಎಲ್ಲರೂ ಕಾದು ಕೂತಿದ್ದರು. ಅವಳು ಬಾಗಿಲಲ್ಲೇ "ನಂದೇ ಆಯ್ತು. ಇನ್ನೂ ಮೂರು ಕೇಳಿದಾರೆ" ಎಂದಳು. ಗಂಡ ಚಾಕು ತಂದ, ಮಗಳು ತಟ್ಟೆ ಜೋಡಿಸಿದಳು, ಕೇಕು ಹಲ್ಲಿಲ್ಲದವರಿಗೇ ಮಾಡಿದ್ದು ಎಂದು ಅತ್ತೆ ಎಲ್ಲರಿಗಿಂತ ಮುಂದೆ ಕೂತರು. ಮಾವ ಮಾತ್ರ ಡಬ್ಬದ ಸುತ್ತ ಒಂದು ಸುತ್ತು ಬಂದರು. ಬಗ್ಗಿ ತಳ ನೋಡಿದರು. ಬೆರಳಿಂದ ತಟ್ಟಿದರು.

"ನಿಜವಾಗ್ಲೂ ಒಂದು ತೊಟ್ಟು ಅಂಟಿಲ್ವಾ?"

"ಇಲ್ಲ ಮಾವ. ಎತ್ತಿ ನೋಡಿ."

ಅವರು ಹಿಡಿಗೆ ಒಂದೇ ಬೆರಳು ಕೊಟ್ಟು ಎತ್ತಿದರು. ಎದೆಯವರೆಗೆ ತಂದರು. ಆಮೇಲೆ ಚಪ್ಪಲಿ ಮೆಟ್ಟಿ ಬಾಗಿಲು ದಾಟಿದರು.

"ಎಲ್ಲಿಗೆ?" ಎಂದು ಅತ್ತೆ ಕೂಗಿದರು.

"ಪಕ್ಕದ ಮನೆಯವರಿಗೆ ತೋರಿಸಿ ಬರ್ತೀನಿ."

"ಕೇಕ್ ಇಟ್ಟು ಹೋಗಿ ಅಜ್ಜ!"

"ಖಾಲಿ ಡಬ್ಬ ಯಾರು ಬೇಕಾದ್ರೂ ಎತ್ತುತ್ತಾರೆ! ಕೇಕ್ ಇಲ್ದೆ ಏನು ತೋರಿಸ್ಲಿ?"

ಪಕ್ಕದ ಮನೆಯಾಯಿತು. ಅದರ ಪಕ್ಕದ್ದಾಯಿತು. ಎದುರು ಸಾಲಿನ ಇಸ್ತ್ರಿ ಅಂಗಡಿಯಾಯಿತು. ಪ್ರತಿ ಗೇಟಿನಲ್ಲೂ ಮಾವ ನಿಂತು, ಯಾರಾದರೂ ತಳಕ್ಕೆ ಕೈ ಚಾಚಿದರೆ ಗದರಿಸಿ, ಡಬ್ಬವನ್ನು ಮೊದಲಿಗಿಂತ ಇನ್ನಷ್ಟು ಮೇಲಕ್ಕೆ ಎತ್ತಿ ತೋರಿಸುತ್ತಿದ್ದರು. "ನನ್ನ ಸೊಸೆ ಮಾಡಿದ್ದು" ಎಂಬ ಮಾತು ಬೀದಿಯ ಈ ತುದಿಗೂ ಕೇಳಿಸುತ್ತಿತ್ತು. ಮನೆಯವರೆಲ್ಲ ಖಾಲಿ ತಟ್ಟೆ ಹಿಡಿದು ಬಾಗಿಲಲ್ಲಿ ನಿಂತಿದ್ದರು. ಮಾವ ತಿರುವಿನ ಕಡೆಗೂ ಹೊರಟದ್ದನ್ನು ಕಂಡು ಸೊಸೆ ನಗುತ್ತ ಮೆಟ್ಟಿಲ ಮೇಲೆ ಕೂತುಬಿಟ್ಟಳು.

"ಹೋಗಿ ಬರಲಿ ಬಿಡಿ" ಎಂದಳು. "ಬೀದಿ ಇನ್ನೂ ಅರ್ಧ ಇದೆ."